ಗೋವಾದಲ್ಲಿ ಮನೆಯನ್ನು ದಿನಬಾಡಿಗೆಗೆ ಕೊಡುವ ಮುನ್ನ: ಕಾಗದಪತ್ರಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು

ಹುಬ್ಬಳ್ಳಿ, ಬೆಳಗಾವಿ, ಕಾರವಾರ ಕಡೆಯಿಂದ ಬಂದು ಗೋವಾದಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ಈಗ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡುವ ಕೆಲಸದಲ್ಲಿದ್ದಾರೆ. ಇವರಲ್ಲಿ ಸ್ವಂತ ಫ್ಲಾಟ್ ಕೊಂಡವರು ಕೆಲವರು, ಸ್ಥಳೀಯ ಮಾಲೀಕರಿಂದ ಮನೆಯನ್ನು ಕರಾರಿಗೆ ಪಡೆದು ನಡೆಸುವವರು ಇನ್ನು ಕೆಲವರು. ಬೇರೆ ಊರಿನಲ್ಲಿರುವ ಮಾಲೀಕರ ಪರವಾಗಿ ಕೀಲಿಕೈ ಇಟ್ಟುಕೊಂಡು ಅತಿಥಿಗಳನ್ನು ಬರಮಾಡಿಕೊಳ್ಳುವವರೂ ಬಹಳ ಮಂದಿ ಇದ್ದಾರೆ. ಮಾಪುಸಾದಲ್ಲಿ ವಾಸವಾಗಿರುವ ನಾನು ಇಂಥವರಿಗೆ ಅರ್ಜಿ ಬರೆದುಕೊಡುತ್ತ, ಕಚೇರಿಗಳಿಗೆ ಜೊತೆಗೆ ಹೋಗುತ್ತ ಬಂದಿದ್ದೇನೆ. ಆ ಓಡಾಟದಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಕಂಡಿದ್ದೇನೆ: ಬಹುತೇಕರು ಕೆಲಸವನ್ನು ಕೊನೆಯಿಂದ ಶುರುಮಾಡುತ್ತಾರೆ. ಮೊದಲು ಮನೆಗೆ ಬಣ್ಣ ಬಳಿಸಿ, ಫೋಟೊ ತೆಗೆಸಿ, ಆನ್‌ಲೈನ್‌ನಲ್ಲಿ ಹಾಕುತ್ತಾರೆ. ನೋಟಿಸ್ ಬಂದ ಮೇಲೆ ಪ್ರವಾಸೋದ್ಯಮ ಇಲಾಖೆಗೆ ಓಡುತ್ತಾರೆ. ಅಲ್ಲಿ ಪಂಚಾಯತ್‌ನ ಕಾಗದ ಕೇಳಿದಾಗ ಪಂಚಾಯತ್‌ಗೆ ಹೋಗುತ್ತಾರೆ. ಪಂಚಾಯತ್‌ನಲ್ಲಿ ಮನೆಯ ಮೂಲ ದಾಖಲೆ ಕೇಳಿದಾಗ ಕೈಚೆಲ್ಲಿ ಕೂರುತ್ತಾರೆ. ಇದಕ್ಕೆ ನೇರ ವಿರುದ್ಧವಾದ ಕ್ರಮವೇ ಸರಿಯಾದದ್ದು, ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲಿಗೆ ಕಾನೂನಿನ ಹೆಸರು ತಿಳಿದಿರಲಿ. ಗೋವಾದಲ್ಲಿ ಪ್ರವಾಸಿಗರಿಗೆ ಹಣ ಪಡೆದು ವಸತಿ ಕೊಡುವವರು ಗೋವಾ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆ, 1982ರ ಅಡಿಯಲ್ಲಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಇದು ದೊಡ್ಡ ಹೋಟೆಲುಗಳಿಗೆ ಮಾತ್ರ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ, ಆದರೆ ಅದು ತಪ್ಪು. ಪೇಯಿಂಗ್ ಗೆಸ್ಟ್ ರೂಪದಲ್ಲಿ ಒಂದೆರಡು ಕೋಣೆ ಕೊಡುವವರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಮೊದಲ ಹೆಜ್ಜೆ: ನೆಲದ ಮತ್ತು ಮನೆಯ ದಾಖಲೆ

ಮನೆ ನಿಮ್ಮದೇ ಆಗಿರಲಿ, ಕರಾರಿಗೆ ಪಡೆದದ್ದಾಗಿರಲಿ, ಮೊದಲು ತೆಗೆಸಬೇಕಾದದ್ದು ಇಲ್ಲಿನವರು ‘ವನ್ ಅಂಡ್ ಫೋರ್ಟೀನ್’ ಎಂದು ಕರೆಯುವ ಸರ್ವೆ ದಾಖಲೆ. ನಮ್ಮ ಕಡೆಯ ಪಹಣಿಗೆ ಸಮಾನವಾದ ಕಾಗದ. ಪಟ್ಟಣದ ಸಿಟಿ ಸರ್ವೆ ಪ್ರದೇಶದಲ್ಲಾದರೆ ಫಾರ್ಮ್ ಡಿ. ಇದರ ಜೊತೆಗೆ ಸರ್ವೆ ನಕ್ಷೆಯನ್ನೂ ಪಡೆಯಿರಿ. ದಾಖಲೆ ಕೈಗೆ ಬಂದಾಗ ವಿಸ್ತೀರ್ಣವನ್ನಷ್ಟೇ ನೋಡಿ ಮಡಚಿಡಬೇಡಿ. ಸ್ವಾಧೀನದಾರರ ಅಂಕಣದಲ್ಲಿ ಎಷ್ಟು ಹೆಸರುಗಳಿವೆ, ಗೇಣಿದಾರರ ಅಂಕಣ ಖಾಲಿಯಿದೆಯೇ, ಇತರ ಹಕ್ಕುಗಳ ಅಂಕಣದಲ್ಲಿ ಯಾರದಾದರೂ ಮನೆಯ ಉಲ್ಲೇಖವಿದೆಯೇ ಎಂಬ ಮೂರನ್ನೂ ಬೆರಳಿಟ್ಟು ಓದಬೇಕು.

ಧಾರವಾಡ ಕಡೆಯ ನಮ್ಮ ಸಂಬಂಧಿಕರೊಬ್ಬರು ಬಾರ್ದೇಸ್ ತಾಲೂಕಿನ ಒಂದು ಹಳ್ಳಿಯಲ್ಲಿ ಹಂಚಿನ ಹಳೆಯ ಮನೆಯೊಂದನ್ನು ಕರಾರಿಗೆ ಪಡೆದರು. ಮನೆಯಲ್ಲಿದ್ದ ಹಿರಿಯ ಅಣ್ಣನೊಬ್ಬರೇ ಸಹಿ ಹಾಕಿದ್ದರು. ಛಾವಣಿ, ಸ್ನಾನದ ಮನೆ ಎಲ್ಲ ಸರಿಪಡಿಸಿ ಪಂಚಾಯತ್‌ಗೆ ಅರ್ಜಿ ಕೊಟ್ಟ ವಾರದಲ್ಲೇ ಆ ಮಾಲೀಕರ ಚಿಕ್ಕಪ್ಪನ ಮಗಳು ತಕರಾರು ಅರ್ಜಿ ಸಲ್ಲಿಸಿದರು. ಆಗ ದಾಖಲೆ ತೆಗೆಸಿ ನೋಡಿದರೆ ಸ್ವಾಧೀನದಾರರ ಅಂಕಣದಲ್ಲಿ ಏಳು ಹೆಸರುಗಳಿದ್ದವು. ಅವರಲ್ಲಿ ಇಬ್ಬರು ಪೋರ್ಚುಗಲ್‌ನಲ್ಲಿದ್ದರು, ಒಬ್ಬರು ತೀರಿಕೊಂಡಿದ್ದರು. ಹಾಕಿದ ಹಣವೂ ಆ ವರ್ಷದ ಸೀಸನ್ನೂ ಕೈಬಿಟ್ಟವು. ಹಿರಿಯ ಅಣ್ಣ ಮೋಸ ಮಾಡಿದ್ದರು ಎಂದು ನಾನು ಹೇಳುವುದಿಲ್ಲ, ತಾನು ವಾಸವಾಗಿರುವ ಮನೆ ತನ್ನದೇ ಎಂದು ಅವರು ನಿಜವಾಗಿಯೂ ನಂಬಿದ್ದರು.

ಇದಕ್ಕೆ ಕಾರಣ ಗೋವಾದ ಉತ್ತರಾಧಿಕಾರದ ಕಾನೂನು ನಮ್ಮ ಕಡೆಯದಕ್ಕಿಂತ ಬೇರೆಯಾಗಿರುವುದು. ಪೋರ್ಚುಗೀಸ್ ಸಿವಿಲ್ ಕೋಡ್‌ನಿಂದ ಬಂದ ವ್ಯವಸ್ಥೆಯಲ್ಲಿ, ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ, ಗಂಡ ಹೆಂಡತಿಯರ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದಾಗಿರುತ್ತದೆ. ಹಿರಿಯರು ತೀರಿಕೊಂಡ ಮೇಲೆ ಇನ್ವೆಂಟರಿ ಎಂಬ ಆಸ್ತಿ ಹಂಚಿಕೆಯ ಪ್ರಕ್ರಿಯೆ ನಡೆಯದೆ ಹೋದರೆ ವಾರಸುದಾರರೆಲ್ಲರ ಹಕ್ಕೂ ಕೂಡಿಕೊಂಡೇ ಉಳಿಯುತ್ತದೆ. ಆದ್ದರಿಂದ ಕರಾರಿಗೆ ಮಾಲೀಕರ ಜೊತೆಗೆ ಅವರ ಸಂಗಾತಿಯ ಸಹಿಯೂ, ಉಳಿದ ಸಹಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಮನೆ ಭಾಟ್ಕಾರರ, ಅಂದರೆ ಜಮೀನುದಾರರ, ಜಾಗದಲ್ಲಿ ಅವರ ಒಪ್ಪಿಗೆಯಿಂದ ವಾಸವಾಗಿರುವ ಮುಂಡ್ಕಾರರ ಮನೆಯಾಗಿದ್ದರೆ 1975ರ ಮುಂಡ್ಕಾರ್ ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಂಥ ಮನೆಯನ್ನು, ಮತ್ತು ಕೊಮುನಿದಾದ್ ಎಂಬ ಹಳೆಯ ಗ್ರಾಮ ಸಮುದಾಯ ಸಂಸ್ಥೆಯ ಜಾಗದಲ್ಲಿರುವ ಮನೆಯನ್ನು, ವಕೀಲರಿಗೆ ತೋರಿಸದೆ ಕರಾರಿಗೆ ಪಡೆಯಬೇಡಿ.

ಕರಾರುಪತ್ರದಲ್ಲಿ ‘ವಾಸಕ್ಕಾಗಿ’ ಎಂದಷ್ಟೇ ಬರೆದಿದ್ದರೆ ಸಾಲದು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಲು ಮಾಲೀಕರು ಒಪ್ಪಿದ್ದಾರೆ, ಅದಕ್ಕಾಗಿ ಬೇಕಾದ ಅನುಮತಿಗಳಿಗೆ ಅರ್ಜಿ ಹಾಕುವ ಅಧಿಕಾರ ಇಂಥವರಿಗಿದೆ ಎಂಬ ಎರಡು ಮಾತು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಹನ್ನೊಂದು ತಿಂಗಳ ಕರಾರು ಇಲ್ಲಿ ರೂಢಿಯಲ್ಲಿದೆ, ಆದರೆ ಮನೆಗೆ ಲಕ್ಷಗಟ್ಟಲೆ ಹಣ ಹಾಕುವವರು ದೀರ್ಘ ಅವಧಿಯ ಕರಾರು ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದೇ ಕ್ಷೇಮ.

ಇನ್ನು ಕಟ್ಟಡದ ವಿಷಯ. ಜಾಗ ಪ್ರಾದೇಶಿಕ ಯೋಜನೆಯಲ್ಲಿ ವಸತಿ ವಲಯದಲ್ಲಿದೆಯೇ, ಕೃಷಿಭೂಮಿಯಾಗಿದ್ದರೆ ಪರಿವರ್ತನೆಯ ಸನದ್, ಅಂದರೆ ಕೃಷಿಯೇತರ ಬಳಕೆಯ ಅನುಮತಿಪತ್ರ, ಆಗಿದೆಯೇ, ಕಟ್ಟುವ ಪರವಾನಗಿ ಮತ್ತು ವಾಸಯೋಗ್ಯತಾ ಪ್ರಮಾಣಪತ್ರ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಇದೆಯೇ ಎಂದು ನೋಡಬೇಕು. ಹಳೆಯ ಮನೆಗಳಿಗೆ ಆಕ್ಯುಪೆನ್ಸಿ ಕಾಗದ ಇಲ್ಲದಿರುವುದು ಸಾಮಾನ್ಯ. ಆಗ ಸರ್ವೆ ನಕ್ಷೆಯಲ್ಲಿ ಮನೆಯ ಗುರುತು ಇರುವುದು ಬಹಳ ನೆರವಾಗುತ್ತದೆ. ಆದರೆ ನೆಲಮಹಡಿ ಹಳೆಯದಿದ್ದು ಮೇಲಿನ ಎರಡು ಕೋಣೆಗಳನ್ನು ಪರವಾನಗಿಯಿಲ್ಲದೆ ಈಚೆಗೆ ಕಟ್ಟಿದ್ದರೆ, ಆ ಕೋಣೆಗಳಿಗೆ ಹಳೆಯ ಮನೆಯ ರಕ್ಷಣೆ ಸಿಗುವುದಿಲ್ಲ. ಮನೆ ತೆರಿಗೆಯ ರಸೀದಿ ಇದೆ, ಕರೆಂಟು ನೀರಿನ ಬಿಲ್ಲು ಬರುತ್ತಿದೆ, ಹಾಗಾಗಿ ಕಟ್ಟಡ ಸಕ್ರಮವೇ ಎಂದು ಮಾಲೀಕರು ಹೇಳಿದರೆ ಒಪ್ಪಬೇಡಿ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠವು ರಸ್ತೆಬದಿ, ಗದ್ದೆಗಳಲ್ಲಿನ ಅಕ್ರಮ ಕಟ್ಟಡಗಳ ಬಗ್ಗೆ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಕಟ್ಟುನಿಟ್ಟಿನ ಆದೇಶ ಕೊಟ್ಟ ಮೇಲೆ ಈ ವಿಷಯದಲ್ಲಿ ಸಡಿಲತೆ ನಿರೀಕ್ಷಿಸುವಂತಿಲ್ಲ.

ಸಮುದ್ರದ ಹತ್ತಿರದ ಮನೆ

ಕಿನಾರೆಯ ಮನೆಗೆ ಬಾಡಿಗೆ ಹೆಚ್ಚು, ತೊಡಕೂ ಹೆಚ್ಚು. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಪಂಚಾಯತ್ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಉಬ್ಬರ ಇಳಿತವಿರುವ ನದಿ, ಖಾಡಿಗಳ ದಡದಲ್ಲಿಯೂ ನಿರ್ಬಂಧವಿದೆ. ಸಮುದ್ರವೇ ಕಾಣದ ಊರಿನ ಮನೆಯೂ ಇದರೊಳಗೆ ಬರಬಹುದೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಕರಾವಳಿ ನಿಯಂತ್ರಣದ ಮೊದಲ ಅಧಿಸೂಚನೆ ಹೊರಬಂದದ್ದು 1991ರ ಫೆಬ್ರವರಿ 19ರಂದು. ಆದ್ದರಿಂದ ಮನೆ ಅದಕ್ಕಿಂತ ಹಳೆಯದು ಎಂದು ತೋರಿಸುವ ತೆರಿಗೆ ರಸೀದಿ, ಕರೆಂಟು ಬಿಲ್ಲು, ಸರ್ವೆ ನಕ್ಷೆಗಳನ್ನು ಇಲ್ಲಿ ಚಿನ್ನದಂತೆ ಕಾಪಾಡಿಕೊಳ್ಳಬೇಕು. ಸಂದೇಹವಿದ್ದರೆ ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ, ಆ ಮನೆಯ ಮೇಲೆ ಯಾವುದಾದರೂ ದೂರು ಅಥವಾ ನೋಟಿಸ್ ಬಾಕಿಯಿದೆಯೇ ಎಂಬುದನ್ನೂ ತಿಳಿದುಕೊಳ್ಳಿ. ಅಂಗಳದಲ್ಲಿ ಒಂದು ಷೆಡ್ ಹಾಕುವ ಮುನ್ನವೂ ಈ ವಿಚಾರಣೆ ಅಗತ್ಯ.

ಎರಡನೆಯ ಹೆಜ್ಜೆ: ಪಂಚಾಯತ್, ಸೊಸೈಟಿ, ನೆರೆಹೊರೆ

ಫ್ಲಾಟಾಗಿದ್ದರೆ ಮೊದಲು ಹೌಸಿಂಗ್ ಸೊಸೈಟಿಯ ಬೈಲಾ ಓದಬೇಕು, ಆಮೇಲೆ ನಿರಾಕ್ಷೇಪಣಾ ಪತ್ರ ಕೇಳಬೇಕು. ಲಿಫ್ಟು, ಪಾರ್ಕಿಂಗ್, ರಾತ್ರಿ ಗೇಟು ತೆರೆಯುವವರು ಯಾರು ಎಂಬ ಮೂರು ಪ್ರಶ್ನೆಗೆ ಮೊದಲೇ ಲಿಖಿತ ಉತ್ತರ ಸಿದ್ಧಮಾಡಿಕೊಂಡು ಹೋದವರಿಗೆ ಸೊಸೈಟಿಗಳು ಒಪ್ಪಿದ್ದನ್ನು ಕಂಡಿದ್ದೇನೆ. ಒಪ್ಪದ ಸೊಸೈಟಿಯಲ್ಲಿ ಹಟದಿಂದ ನಡೆಸಿದರೆ ನೆಮ್ಮದಿ ಇರುವುದಿಲ್ಲ, ಬೇರೆ ಮನೆ ಹುಡುಕುವುದೇ ಲೇಸು.

ಹಳ್ಳಿಯಲ್ಲಿ ಪಂಚಾಯತ್, ಪಟ್ಟಣದಲ್ಲಿ ನಗರಸಭೆ, ಪಣಜಿಯಲ್ಲಿ ಮಹಾನಗರ ಪಾಲಿಕೆ: ಇವುಗಳಿಂದ ನಿರಾಕ್ಷೇಪಣಾ ಪತ್ರ ಮತ್ತು ವ್ಯಾಪಾರ ಪರವಾನಗಿ ಪಡೆಯಬೇಕು. ಅರ್ಜಿಯ ಜೊತೆ ಮಾಲೀಕತ್ವದ ದಾಖಲೆ, ಸಹಮಾಲೀಕರ ಒಪ್ಪಿಗೆ, ಕರಾರು, ಆಕ್ಯುಪೆನ್ಸಿ ಕಾಗದ, ಬಾಕಿಯಿಲ್ಲದ ಮನೆ ತೆರಿಗೆಯ ರಸೀದಿ, ಮನೆಯ ನಕ್ಷೆ ಇರಿಸಿ. ಮನೆಯ ಬಾಗಿಲ ಮೇಲಿನ ಹೌಸ್ ನಂಬರು, ರಸೀದಿಯಲ್ಲಿರುವ ನಂಬರು ಮತ್ತು ಕರಾರಿನಲ್ಲಿ ಬರೆದ ನಂಬರು ಮೂರೂ ಒಂದೇ ಆಗಿರಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ವಾಪಸು ಬರುತ್ತದೆ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಇನ್‌ವರ್ಡ್ ನಂಬರು, ದಿನಾಂಕ, ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಸೆಕ್ರೆಟರಿ ಎಷ್ಟೇ ಒಳ್ಳೆಯವರಾಗಿದ್ದರೂ ಅವರಿಗೆ ವರ್ಗವಾಗುತ್ತದೆ, ಮೊಹರು ಬಿದ್ದ ಪ್ರತಿ ಮಾತ್ರ ನಿಮ್ಮ ಬಳಿ ಉಳಿಯುತ್ತದೆ.

ಪಂಚಾಯತ್ ಸಭೆಯಲ್ಲಿ ಅರ್ಜಿ ಬಂದಾಗ ಪಂಚ್ ಸದಸ್ಯರು ಸಾಮಾನ್ಯವಾಗಿ ಕೇಳುವುದು ಕಾನೂನಿನ ಪ್ರಶ್ನೆಯನ್ನಲ್ಲ. ಕೊಳಚೆ ನೀರು ಎಲ್ಲಿ ಹೋಗುತ್ತದೆ, ಕಸ ಎಲ್ಲಿ ಹೋಗುತ್ತದೆ, ಕಾರುಗಳು ಎಲ್ಲಿ ನಿಲ್ಲುತ್ತವೆ ಎಂದು. ಈ ಪ್ರಶ್ನೆಗಳು ನ್ಯಾಯವಾದವು. ಗೋವಾದ ಹಳ್ಳಿಗಳಲ್ಲಿ ಬಹುಪಾಲು ಒಳಚರಂಡಿಯಿಲ್ಲ, ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕೇ ಆಧಾರ. ನಾಲ್ಕು ಜನರ ಕುಟುಂಬಕ್ಕೆಂದು ಕಟ್ಟಿದ ಟ್ಯಾಂಕಿಗೆ ವಾರಾಂತ್ಯದಲ್ಲಿ ಹನ್ನೆರಡು ಜನರ ನೀರು ಬಿದ್ದರೆ, ಜೂನ್ ತಿಂಗಳಲ್ಲಿ ನೆಲ ನೀರುಂಡು ತುಂಬಿದ ಮೇಲೆ, ಅದು ಉಕ್ಕುವುದು ಪಕ್ಕದ ಮನೆಯ ಬಾವಿಯ ಕಡೆಗೆ. ಒಮ್ಮೆ ಒಂದು ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋಗಿ ಅಲ್ಲಿನ ಅಜ್ಜಿಯೊಬ್ಬರು ನನಗೆ ಬಾವಿಕೊಡ ಎತ್ತಿ ತೋರಿಸಿದ್ದರು. ನೀರಿನ ಮೇಲೆ ತೆಳ್ಳಗೆ ಬಿಳಿ ನೊರೆ ಕಟ್ಟಿತ್ತು. ಆ ಕೊಡವನ್ನು ಕಂಡ ಮೇಲೆ ನಾನು ಯಾರ ಅರ್ಜಿಯನ್ನೂ ಟ್ಯಾಂಕಿನ ಅಳತೆ ಕೇಳದೆ ಬರೆದುಕೊಟ್ಟಿಲ್ಲ. ಟ್ಯಾಂಕು ಮತ್ತು ಇಂಗುಗುಂಡಿಯ ಅಳತೆ, ಬಾವಿಯಿಂದ ಅವುಗಳ ದೂರ, ಖಾಲಿ ಮಾಡಿಸಿದ ರಸೀದಿ ಇವನ್ನು ಅರ್ಜಿಯ ಜೊತೆಗೇ ಇಡಿ.

ಹಸಿ ಕಸ, ಒಣ ಕಸ ಬೇರ್ಪಡಿಸಿ ಪಂಚಾಯತ್‌ನವರ ಗಾಡಿಗೆ ಕೊಡುವ ಹೊಣೆ ನಿಮ್ಮದು. ಭಾನುವಾರ ಹೊರಟುಹೋದ ಅತಿಥಿಗಳು ಬಿಟ್ಟ ಬಾಟಲಿ ಚೀಲ ಗಾಡಿ ಬರುವ ದಿನದವರೆಗೆ ಮುಚ್ಚಿದ ಜಾಗದಲ್ಲಿರಬೇಕು, ದಾರಿಯ ಬದಿಯಲ್ಲಲ್ಲ.

ಇದೇ ಹಂತದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರಾಕ್ಷೇಪಣೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ನಿಮ್ಮ ಮನೆಯ ಗಾತ್ರಕ್ಕೆ ಬೇಕೇ ಎಂದು ವಿಚಾರಿಸಿ ಅರ್ಜಿ ಹಾಕಿ. ವಿದ್ಯುತ್ ಇಲಾಖೆಗೆ ಬಳಕೆ ಬದಲಾದದ್ದನ್ನು ತಿಳಿಸಿ. ಮನೆಬಳಕೆಯ ದರದಲ್ಲಿ ವ್ಯಾಪಾರ ನಡೆಸಿದರೆ ಮುಂದೆ ವ್ಯತ್ಯಾಸದ ಹಣ ದಂಡ ಸಮೇತ ಬರಬಹುದು. ಅತಿಥಿಗಳಿಗೆ ಅಡುಗೆ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಮತ್ತು ಮನೆಬಳಕೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ. ಮದ್ಯವನ್ನಂತೂ ಅಬಕಾರಿ ಪರವಾನಗಿಯಿಲ್ಲದೆ ಮಾರಬಾರದು. ಬಾಡಿಗೆಯಲ್ಲಿ ಸೇರಿಸಿ ‘ಉಚಿತ’ ಎಂದು ಕೊಡುವ ಉಪಾಯಕ್ಕೂ ಹೋಗಬೇಡಿ.

ಬೆಂಕಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2025ರ ಡಿಸೆಂಬರ್‌ನಲ್ಲಿ ಅರ್ಪೋರಾದ ನೈಟ್‌ಕ್ಲಬ್ ಒಂದರಲ್ಲಿ ಬಿದ್ದ ಬೆಂಕಿಯಲ್ಲಿ 25 ಮಂದಿ ತೀರಿಕೊಂಡರು. ಸಣ್ಣ ಮನೆಗೆ ಅಗ್ನಿಶಾಮಕ ಇಲಾಖೆಯ ಪತ್ರ ಕೇಳಲಿ ಬಿಡಲಿ, ಅಡುಗೆಮನೆಯಲ್ಲೊಂದು, ಮಹಡಿಯ ಮೆಟ್ಟಿಲ ಬಳಿಯೊಂದು ಅಗ್ನಿಶಾಮಕ ಸಿಲಿಂಡರ್ ಇಡಿ, ಅವಧಿ ಮುಗಿಯುವ ಮುನ್ನ ತುಂಬಿಸಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಹಾಕಿ ಒಂದೇ ಬಾಗಿಲಿರುವ ಕೋಣೆಯನ್ನು ಮಲಗಲು ಕೊಡಬೇಡಿ.

ಮೂರನೆಯ ಹೆಜ್ಜೆ: ಪ್ರವಾಸೋದ್ಯಮ ಇಲಾಖೆ

ಮೇಲಿನದೆಲ್ಲ ಕೈಯಲ್ಲಿದ್ದರೆ ಈ ಹೆಜ್ಜೆ ಸುಲಭ. ಗೋವಾ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದು, ಇಲಾಖೆಯ ಮುಖ್ಯ ಕಚೇರಿ ಪಣಜಿಯ ಪಾಟೋದಲ್ಲಿರುವ ಪರ್ಯಟನ ಭವನದಲ್ಲಿದೆ. ಕೋಣೆಗಳ ಸಂಖ್ಯೆಯ ಪ್ರಕಾರ ದರ್ಜೆ ಮತ್ತು ಶುಲ್ಕ ನಿಗದಿಯಾಗುತ್ತವೆ. ಸಣ್ಣ ಮನೆಗಳು ಕೆಳಗಿನ ದರ್ಜೆಯಲ್ಲಿ ಬರುತ್ತವೆ. ಅಧಿಕಾರಿಗಳು ಮನೆ ನೋಡಲು ಬಂದಾಗ ಅರ್ಜಿಯಲ್ಲಿ ಬರೆದಷ್ಟೇ ಕೋಣೆಗಳಿರಬೇಕು. ಮೂರು ಎಂದು ಬರೆದು ಐದು ನಡೆಸುವ ಅಭ್ಯಾಸ ನಮ್ಮವರಲ್ಲಿಯೂ ಇದೆ, ಅದನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ.

ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದು ಒಂದರಿಂದ ಆರು ಕೋಣೆಗಳವರೆಗೆ ಕೊಡುವುದಾದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿಯೂ ಮಾನ್ಯತೆ ಪಡೆಯಬಹುದು. ಮಾಲೀಕರಿಲ್ಲದ ಬಂಗಲೆಯನ್ನು ಹೋಂಸ್ಟೇ ಎಂದು ಕರೆಯುವುದು ಸರಿಯಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಅರ್ಜಿ ಯಾರ ಹೆಸರಿನಲ್ಲಿದೆ? ದೂರದೂರಿನ ಮಾಲೀಕರು, ಇಲ್ಲಿ ಇರುವವನು ನೀನೇ ತಾನೆ ಎಂದು ಮನೆ ನೋಡಿಕೊಳ್ಳುವ ನಮ್ಮ ಹುಡುಗರ ಹೆಸರಿನಲ್ಲೇ ನೋಂದಣಿ, ಪರವಾನಗಿ ಮಾಡಿಸುತ್ತಾರೆ. ತಿಂಗಳ ಸಂಬಳಕ್ಕೆ ದುಡಿಯುವ ಆ ಹುಡುಗನಿಗೆ ಅದು ಗೌರವದಂತೆ ಕಾಣುತ್ತದೆ. ಆದರೆ ನೋಟಿಸ್ ಬರುವುದು, ದಂಡ ಬೀಳುವುದು, ಠಾಣೆಗೆ ಕರೆಸುವುದು ಎಲ್ಲವೂ ಆ ಹೆಸರಿಗೆ. ಗಜೇಂದ್ರಗಡದ ಕಡೆಯ ಒಬ್ಬ ಹುಡುಗ, ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ, ತಾನು ಕಾಲಿಡದ ಮನೆಯ ವಿಷಯಕ್ಕೆ ಉತ್ತರ ಕೊಡಲು ಊರಿನಿಂದ ಬಸ್ಸು ಹಿಡಿದು ಬಂದದ್ದನ್ನು ನಾನು ನೋಡಿದ್ದೇನೆ. ಲಾಭ ಯಾರಿಗೆ ಹೋಗುತ್ತದೋ ಅವರ ಹೆಸರಿನಲ್ಲೇ ನೋಂದಣಿ ಇರಲಿ, ನೋಡಿಕೊಳ್ಳುವವರಿಗೆ ವ್ಯವಸ್ಥಾಪಕ ಎಂಬ ಅಧಿಕಾರಪತ್ರ ಸಾಕು.

ನಾಲ್ಕನೆಯ ಹೆಜ್ಜೆ: ತೆರಿಗೆ

ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲ್ಲಿ ಎಡವುವುದು ಊರಿನಲ್ಲಿ ಅಂಗಡಿಯಿಟ್ಟವರು. ವಹಿವಾಟನ್ನು ಲೆಕ್ಕ ಹಾಕುವುದು ಪ್ಯಾನ್ ನಂಬರಿನ ಮೇಲೆ, ದೇಶದಾದ್ಯಂತ ಸೇರಿಸಿ. ಹುಬ್ಬಳ್ಳಿಯ ಅಂಗಡಿಯದು, ಗೋವಾದ ಮನೆಯದು ಒಂದೇ ಪ್ಯಾನಿನಲ್ಲಿದ್ದರೆ ಎರಡೂ ಕೂಡುತ್ತವೆ, ಮಿತಿ ದಾಟಿದರೆ ಮನೆಯಿರುವ ಗೋವಾದಲ್ಲಿಯೇ ಬೇರೆ ನೋಂದಣಿ ಮಾಡಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ, ಒಂದು ಯೂನಿಟ್‌ಗೆ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಇನ್‌ಪುಟ್ ಕ್ರೆಡಿಟ್ (ನೀವು ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಇಲ್ಲದೆ 5%, ಅದಕ್ಕಿಂತ ಮೇಲಿನದಕ್ಕೆ 18% ತೆರಿಗೆಯಿದೆ. ನೀವು ಮಿತಿಯೊಳಗಿದ್ದು ನೋಂದಣಿ ಇಲ್ಲದಿದ್ದರೆ, ಬುಕಿಂಗ್ ಪ್ಲಾಟ್‌ಫಾರ್ಮ್ ಮೂಲಕ ಬಂದ ಅತಿಥಿಗಳ ತೆರಿಗೆಯನ್ನು ಆ ಪ್ಲಾಟ್‌ಫಾರ್ಮ್‌ನವರೇ ಕಟ್ಟುತ್ತಾರೆ. ಆದಾಯ ತೆರಿಗೆಯ ರಿಟರ್ನ್ ಅಂತೂ ಸಲ್ಲಿಸಲೇಬೇಕು. ಪ್ಲಾಟ್‌ಫಾರ್ಮ್‌ಗಳು ಕೊಡುವ ಹಣದ ಲೆಕ್ಕ ಇಲಾಖೆಗೆ ಹೇಗೂ ತಲುಪುತ್ತದೆ.

ಅತಿಥಿ ಬಂದ ಮೇಲೆ

ಪ್ರತಿಯೊಬ್ಬ ವಯಸ್ಕ ಅತಿಥಿಯ ಗುರುತಿನ ಚೀಟಿ ನೋಡಿ, ಹೆಸರು, ಊರು, ಫೋನ್, ಬಂದ ಮತ್ತು ಹೊರಟ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಬುಕ್ ಮಾಡಿದವರೊಬ್ಬರದು ಮಾತ್ರ ಪಡೆದರೆ ಸಾಲದು. ಆಧಾರ್ ಪ್ರತಿ ಪಡೆಯುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಕೇಳಿ, ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹರಿಯಬಿಡಬೇಡಿ.

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸಬೇಕು. ‘ಸಿ ಫಾರ್ಮ್’ ಎಂದೇ ಎಲ್ಲರ ಬಾಯಲ್ಲಿರುವ ಈ ವರದಿಯ ಹೊಣೆ, 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿಯೂ ವಸತಿ ಕೊಡುವವರ ಮೇಲೆಯೇ ಇದೆ. ಅದಕ್ಕೆ ಲಾಗಿನ್ ಬೇಕಾಗುತ್ತದೆ. ಮೊದಲ ವಿದೇಶಿ ಅತಿಥಿ ಬಾಗಿಲಿಗೆ ಬಂದ ಮೇಲೆ ಲಾಗಿನ್‌ಗೆ ಅರ್ಜಿ ಹಾಕಿದರೆ 24 ಗಂಟೆ ಸಾಲುವುದಿಲ್ಲ, ಆದ್ದರಿಂದ ಇಲಾಖೆಯ ನೋಂದಣಿ ಬಂದ ವಾರದಲ್ಲೇ ಅದನ್ನೂ ಮಾಡಿಸಿಡಿ. ಪಾಸ್‌ಪೋರ್ಟ್ ಮತ್ತು ವೀಸಾ ಎರಡರ ಪ್ರತಿಯನ್ನೂ ಇಟ್ಟುಕೊಳ್ಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಕೂಡದು. ಇದನ್ನು ಬುಕಿಂಗ್ ಸಮಯದಲ್ಲೇ ತಿಳಿಸಿ, ಕೋಣೆಯಲ್ಲಿಯೂ ಬರೆದು ಹಾಕಿ. ನೆರೆಯ ಎರಡು ಮೂರು ಮನೆಯವರಿಗೆ ನಿಮ್ಮ ಫೋನ್ ನಂಬರು ಕೊಟ್ಟು, ರಾತ್ರಿ ಎಷ್ಟು ಹೊತ್ತಿಗಾದರೂ ಕರೆ ಮಾಡಿ ಎಂದು ಹೇಳಿ, ಕರೆ ಬಂದಾಗ ಎದ್ದು ಹೋಗಿ.

ಆನ್‌ಲೈನ್‌ನಲ್ಲಿ ಮನೆಯ ಫೋಟೊ ಹಾಕುವುದು ಇಷ್ಟೆಲ್ಲ ಆದ ಮೇಲೆ. ಅಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಪ್ರಮಾಣಪತ್ರದ ಪ್ರತಿ ಮತ್ತು ದರಪಟ್ಟಿಯನ್ನು ಒಳಬಾಗಿಲ ಪಕ್ಕದ ಗೋಡೆಗೆ ಹಾಕಿ. ಪ್ರತಿಯೊಂದು ಪರವಾನಗಿಯ ಅವಧಿ ಮುಗಿಯುವ ದಿನವನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡು, ನವೀಕರಣವನ್ನು ಮಳೆಗಾಲದಲ್ಲೇ ಮುಗಿಸಿ; ಅಕ್ಟೋಬರ್ ಬಂದರೆ ಕಚೇರಿಗಳಲ್ಲಿ ಎಲ್ಲರ ಅರ್ಜಿಯೂ ಒಟ್ಟಿಗೆ ಬೀಳುತ್ತದೆ.

ಕರಾರು ಮುಗಿದು ಮನೆಯನ್ನು ಮಾಲೀಕರಿಗೆ ಹಿಂದಿರುಗಿಸುವ ದಿನ ಕೀಲಿಕೈ ಕೊಟ್ಟು ಬರುವುದಷ್ಟೇ ಕೆಲಸವಲ್ಲ. ಆನ್‌ಲೈನ್ ಪುಟವನ್ನು ತೆಗೆದುಹಾಕಿ, ನಿಮ್ಮ ಹೆಸರಿನಲ್ಲಿರುವ ಇಲಾಖೆಯ ನೋಂದಣಿ, ವ್ಯಾಪಾರ ಪರವಾನಗಿ, ಆಹಾರ ನೋಂದಣಿ, ವಿದೇಶಿ ಅತಿಥಿಗಳ ಲಾಗಿನ್ ಇಷ್ಟನ್ನೂ ರದ್ದುಪಡಿಸಲು ಅರ್ಜಿ ಕೊಟ್ಟು, ಪ್ರತಿಯೊಂದರ ಮೇಲೂ ಇನ್‌ವರ್ಡ್ ಮೊಹರು ಹಾಕಿಸಿಕೊಂಡು, ಆ ಪ್ರತಿಗಳನ್ನು ಅತಿಥಿಗಳ ರಿಜಿಸ್ಟರಿನ ಜೊತೆಗೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.